ದಿಜ್ಲಾ ದಡದ ಮೀನು, ದಡದ ಬಾಡಿಗೆ

ಕೊಲ್ಲಿಯಿಂದ ರಜೆಯಲ್ಲಿ ಊರಿಗೆ ಬಂದಿದ್ದ ನಮ್ಮ ಸಂಬಂಧಿ ಯುವಕನೊಬ್ಬ ಒಂದು ಸಂಜೆ ಮೀನಿನ ಮಾತೆತ್ತಿದ. ಗೆಳೆಯರ ಜೊತೆ ಅಲ್ಲಿನ ಒಂದು ಇರಾಕಿ ಹೋಟೆಲಿಗೆ ಹೋಗಿದ್ದನಂತೆ. ನಾಲ್ಕು ಮಂದಿಗೆ ಒಂದೇ ಒಂದು ಸುಟ್ಟ ಮೀನು. ಅದರ ಹೆಸರು ಮಸ್ಗೂಫ್. "ಬಿಲ್ಲು ನೋಡಿದಾಗ ಎದೆ ಧಸಕ್ಕೆಂದಿತು ಕಾಕಾ. ಆ ದುಡ್ಡಿಗೆ ಊರಲ್ಲಿ ನಮ್ಮ ಮನೆಗೆ ತಿಂಗಳಿಡೀ ಬೂತಾಯಿ, ಬಂಗುಡೆ ಬರುತ್ತಿತ್ತು. ಅದೂ ಹೊಳೆ ಮೀನು! ಗೋಡೆ ತುಂಬ ಟೈಗ್ರಿಸ್ ನದಿಯ ದೊಡ್ಡ ಚಿತ್ರ ಅಂಟಿಸಿದ್ದರು. ಬಹುಶಃ ಆ ಚಿತ್ರಕ್ಕೂ ಸೇರಿಸಿ ದುಡ್ಡು ತೆಗೆದುಕೊಂಡರೋ ಏನೋ" ಎಂದು ನಕ್ಕ.

ಅವನು ತಮಾಷೆಗೆ ಹೇಳಿದ ಮಾತು ನಮ್ಮ ತಲೆಯಲ್ಲಿ ಕುಳಿತುಬಿಟ್ಟಿತು. ನದಿಯ ಚಿತ್ರಕ್ಕೆ ದುಡ್ಡು ಕೊಡಬೇಕೇ ಎಂದು ಅವನು ಕೇಳಿದ. ಹಾಗಾದರೆ ನದಿಗೆ? ಇಂದು ಲೋಕದ ಯಾವ ನಗರಕ್ಕೆ ಹೋದರೂ ನದಿಗೆ ಮುಖ ಮಾಡಿದ ಹೋಟೆಲಿನಲ್ಲಿ ಊಟದ ಬೆಲೆ ಹಿಂದಿನ ಬೀದಿಯದಕ್ಕಿಂತ ಹೆಚ್ಚು. ಅಕ್ಕಿ ಅದೇ, ಮೀನು ಅದೇ, ಬೆಂಕಿಯೂ ಅದೇ. ಹೆಚ್ಚಿನ ಹಣ ಯಾವುದಕ್ಕೆ? ಅದು ಆ ಬೆಲೆಗೆ ತಕ್ಕದ್ದೇ? ಈ ಪ್ರಶ್ನೆಯನ್ನು ಕೇಳಲು ಬಗ್ದಾದಿಗಿಂತ ತಕ್ಕ ಊರು ಇನ್ನೊಂದಿಲ್ಲ. ಏಕೆಂದರೆ ಅಲ್ಲಿ ನದಿ, ಮೀನು, ಬೆಲೆ ಮತ್ತು ನ್ಯಾಯ ಎಂಬ ನಾಲ್ಕೂ ಒಂದೇ ಮಾತಿನಲ್ಲಿ ಬರಲು ಶುರುವಾಗಿ ಸಾವಿರದಿನ್ನೂರು ವರ್ಷಗಳಾದವು.

ಮೊದಲು ಮೀನಿನ ವಿಷಯ. ಮಸ್ಗೂಫ್ ಅವಸರದ ಅಡುಗೆಯಲ್ಲ. ನೀರಿನ ತೊಟ್ಟಿಯಲ್ಲಿ ಈಜುತ್ತಿರುವ ಮೀನುಗಳಲ್ಲಿ ಇದು ಎಂದು ಗಿರಾಕಿ ಬೆರಳು ತೋರಿಸುತ್ತಾನೆ. ಅದನ್ನು ಅವನೆದುರೇ ಹಿಡಿದು ತೂಗುತ್ತಾರೆ. ನಾವು ಹೊಟ್ಟೆಯ ಕಡೆಯಿಂದ ಸೀಳುವಂತೆ ಅವರು ಸೀಳುವುದಿಲ್ಲ. ಬೆನ್ನಿನ ಕಡೆಯಿಂದ ಸೀಳಿ, ಪುಸ್ತಕ ತೆರೆದಂತೆ ಅಗಲವಾಗಿ ಬಿಚ್ಚುತ್ತಾರೆ. ಉಪ್ಪು, ಅರಿಸಿನ, ಹುಣಸೆಹುಳಿ ಸವರಿ, ನೆಲಕ್ಕೆ ನೆಟ್ಟ ಗೂಟಗಳಿಗೆ ಸಿಕ್ಕಿಸಿ ಬೆಂಕಿಯ ಸುತ್ತ ನಿಲ್ಲಿಸುತ್ತಾರೆ. ಬೆಂಕಿಯ ಮೇಲೆ ಇಡುವುದಲ್ಲ, ಬೆಂಕಿಯ ಎದುರು ನಿಲ್ಲಿಸುವುದು. ಏಪ್ರಿಕಾಟ್, ದಾಳಿಂಬೆಯಂಥ ಹಣ್ಣಿನ ಮರಗಳ ಕಟ್ಟಿಗೆಯಾದರೆ ಒಳ್ಳೆಯದು. ಜ್ವಾಲೆಯ ಕಾವಿಗೆ ಮೀನಿನ ಕೊಬ್ಬು ಕರಗಿ ಇಳಿಯುತ್ತದೆ, ಮಾಂಸ ನಿಧಾನವಾಗಿ ಬೇಯುತ್ತದೆ. ಕೊನೆಗೆ ಚರ್ಮದ ಬದಿಯನ್ನು ಕೆಂಡದ ಮೇಲೆ ಮಲಗಿಸಿ ಗರಿಗರಿ ಮಾಡುತ್ತಾರೆ. ಇದಕ್ಕೆಲ್ಲ ಒಂದು ಗಂಟೆಯಾದರೂ ಬೇಕು, ದೊಡ್ಡ ಮೀನಾದರೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಕಾಯಬೇಕಾದ್ದರಿಂದಲೇ ಈ ಊಟಕ್ಕೆ ನದಿಯ ದಡ ಹೇಳಿ ಮಾಡಿಸಿದ ಜಾಗ. ಗೋಡೆಯ ನಡುವೆ ಒಂದು ಗಂಟೆ ಹಸಿದು ಕುಳಿತರೆ ಜಗಳವಾದೀತು. ನೀರಿನ ಎದುರು ಕುಳಿತರೆ ಮಾತು ಬೆಳೆಯುತ್ತದೆ.

ಬಡಿಸುವಾಗ ಜೊತೆಗೆ ತಂದೂರಿನ ರೊಟ್ಟಿ, ಈರುಳ್ಳಿ, ಟೊಮೆಟೊ ಮತ್ತು ಅಂಬಾ. ಈ ಅಂಬಾ ಬೇರೇನೂ ಅಲ್ಲ, ಮಾವಿನಕಾಯಿಯ ಉಪ್ಪಿನಕಾಯಿ. ಹೆಸರು ಮರಾಠಿಯದು. ಬಗ್ದಾದಿನಿಂದ 1830ರ ದಶಕದಲ್ಲಿ ಮುಂಬಯಿಗೆ ಬಂದು ನೆಲೆಸಿದ ಸಸೂನ್ ಕುಟುಂಬದ ಯಹೂದಿ ವ್ಯಾಪಾರಿಗಳು ಇದನ್ನು ತವರಿಗೆ ಕಳಿಸಿದರೆಂದು ಕಥೆಯಿದೆ. ಹುಣಸೆಯನ್ನಂತೂ ಅರಬರು ತಮರ್ ಹಿಂದೀ, ಅಂದರೆ ಹಿಂದ್‌ನ ಖರ್ಜೂರ ಎಂದೇ ಕರೆದರು. ಅಲ್ಲಿಗೆ ಬಗ್ದಾದಿನವರ ಹೆಮ್ಮೆಯ ತಟ್ಟೆಯಲ್ಲಿ ನಮ್ಮ ಕಡೆಯ ಹುಳಿ ಎರಡು ಬಗೆಯಲ್ಲಿ ಸೇರಿಕೊಂಡಿದೆ ಎಂದಾಯಿತು.

ಇನ್ನು ಬೆಲೆ. ಕ್ರಿ.ಶ. 762ರಲ್ಲಿ ಖಲೀಫ ಮನ್ಸೂರ್ ಟೈಗ್ರಿಸ್ ದಡದಲ್ಲಿ ಬಗ್ದಾದಿಗೆ ಅಡಿಪಾಯ ಹಾಕಿದ. ಅರಬರು ಈ ನದಿಯನ್ನು ದಿಜ್ಲಾ ಎನ್ನುತ್ತಾರೆ. ಆ ಕಾಲದ ಅಗ್ಗದ ದಿನಗಳನ್ನು ಮುಂದಿನ ತಲೆಮಾರುಗಳು ಬಾಯಿ ಚಪ್ಪರಿಸಿ ನೆನೆಯುತ್ತಿದ್ದವು. ಬಗ್ದಾದಿನ ಇತಿಹಾಸ ಬರೆದ ಖತೀಬ್ ಅಲ್ ಬಗ್ದಾದಿ (ನಿಧನ 1071) ಅದನ್ನು ದಾಖಲಿಸಿದ್ದಾರೆ: ಒಂದು ಟಗರಿಗೆ ಒಂದು ದಿರ್ಹಂ, ಅರುವತ್ತು ರತ್ಲ್ ಖರ್ಜೂರಕ್ಕೆ ಒಂದು ದಿರ್ಹಂ. ಹಳೆಯ ಕಾಲ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ, ಅದನ್ನು ಸ್ವಲ್ಪ ಕಳೆದು ಓದಬೇಕು. ಆದರೂ ಮುಂದಿನ ಕಥೆಗೆ ಈ ಲೆಕ್ಕ ಬೇಕು.

ಕಥೆಯನ್ನು ಹೇಳಿದವರು ಹತ್ತನೇ ಶತಮಾನದ ಇತಿಹಾಸಕಾರ ಮಸ್ಊದಿ. ನಮ್ಮ ಪಶ್ಚಿಮ ಕರಾವಳಿಯ ಚೌಲ್ ಬಂದರಿನವರೆಗೂ ಬಂದು ಹೋದ ಮನುಷ್ಯ. ಖಲೀಫ ಹಾರೂನ್ ರಶೀದ್ ಬಗ್ದಾದ್ ಬಿಟ್ಟು ಯೂಫ್ರೆಟಿಸ್ ದಡದ ರಖ್ಖಾದಲ್ಲಿ ಇರುತ್ತಿದ್ದ ದಿನಗಳು. ಅವನ ಮಲತಮ್ಮ ಇಬ್ರಾಹೀಮ್ ಇಬ್ನ್ ಮಹ್ದಿ ಅಣ್ಣನನ್ನು ಊಟಕ್ಕೆ ಕರೆದ. ಈ ಇಬ್ರಾಹೀಮ್ ಸಾಮಾನ್ಯ ಆತಿಥೇಯನಲ್ಲ. ಸಂಗೀತಗಾರ, ಪಾಕಪ್ರವೀಣ, ಮುಂದೆ ಒಂದೆರಡು ವರ್ಷ ಬಗ್ದಾದಿನಲ್ಲಿ ತಾನೇ ಖಲೀಫನೆಂದು ಕುಳಿತವನು. ಹತ್ತನೇ ಶತಮಾನದಲ್ಲಿ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಕಲೆಹಾಕಿದ ಬಗ್ದಾದಿನ ಪಾಕಶಾಸ್ತ್ರದಲ್ಲಿ ಇವನ ಹೆಸರಿನ ಅಡುಗೆಗಳಿವೆ. ಬಿಸಿ ಅಡುಗೆ ಮುಗಿದು ತಣ್ಣನೆಯ ಅಡುಗೆ ಬಂದಾಗ ಹಾರೂನನ ಮುಂದಿದ್ದ ಬಟ್ಟಲಿನಲ್ಲಿ ಮೀನಿನ ಚಿಕ್ಕ ಚಿಕ್ಕ ತುಂಡುಗಳು ಕಂಡವು. ನಿನ್ನ ಅಡುಗೆಯವನು ಇಷ್ಟು ಸಣ್ಣದಾಗಿ ಏಕೆ ಕತ್ತರಿಸಿದ ಎಂದು ಕೇಳಿದ. ಇವು ತುಂಡುಗಳಲ್ಲ, ಮೀನಿನ ನಾಲಗೆಗಳು ಎಂದ ತಮ್ಮ. ನೂರು ಇರಬಹುದೇ? ನೂರೈವತ್ತಕ್ಕಿಂತ ಹೆಚ್ಚು ಎಂದ ಸೇವಕ. ಎಷ್ಟು ಖರ್ಚಾಯಿತು ಎಂದು ಆಣೆ ಹಾಕಿಸಿ ಕೇಳಿದಾಗ ಸಾವಿರ ದಿರ್ಹಮಿಗೂ ಮಿಕ್ಕಿತು ಎಂಬ ಉತ್ತರ ಬಂತು.

ಮನ್ಸೂರನ ಕಾಲದ ಲೆಕ್ಕದಲ್ಲಿ ಸಾವಿರ ಟಗರು! ಒಂದು ಬಟ್ಟಲಿನಲ್ಲಿ. ಹಾರೂನ್ ಕೈ ಹಿಂದಕ್ಕೆ ತೆಗೆದ. ಸಾವಿರ ದಿರ್ಹಂ ತಂದು ಮುಂದಿಡುವ ತನಕ ತುತ್ತು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಹಣ ಬಂತು. ಈ ದುಂದಿಗೆ ಪ್ರಾಯಶ್ಚಿತ್ತವಾಗಲಿ ಎಂದು ಅದನ್ನು ಬಡವರಿಗೆ ದಾನ ಮಾಡಿಸಿದ. ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಆ ಬಟ್ಟಲಿನದೂ ಒಂದು ಪಾಲಿದೆ. ಅದನ್ನು ಕೊನೆಗೆ ಹೇಳುತ್ತೇವೆ. ಸ್ವತಃ ಹಾರೂನ್ ಸರಳ ಜೀವಿಯೇನೂ ಆಗಿರಲಿಲ್ಲ, ಅವನ ಅರಮನೆಯ ವೈಭವವನ್ನು ಸಾವಿರದೊಂದು ಇರುಳು ಇಂದಿಗೂ ಸಾರುತ್ತಿದೆ. ಆದರೆ ಅವನ ಸಿಟ್ಟು ಮೀನಿನ ಮೇಲಲ್ಲ, ನೂರೈವತ್ತು ಮೀನುಗಳನ್ನು ಒಂದು ಬಟ್ಟಲು ನಾಲಗೆಗಾಗಿ ಕೊಂಡು ಬೀಗಿದ್ದರ ಮೇಲೆ ಎಂಬುದನ್ನು ಗಮನಿಸಬೇಕು.

ಅರಮನೆಯ ಹೊರಗೆ ಬೆಲೆಯನ್ನು ಬೇರೆ ರೀತಿ ಅಳೆಯುತ್ತಿದ್ದರು. ಆ ಕಾಲದ ನಗರಗಳಲ್ಲಿ ಎಷ್ಟೋ ಬಡ ಮನೆಗಳಿಗೆ ಒಲೆ ಹಚ್ಚುವುದೇ ದುಬಾರಿ. ಜನ ಪೇಟೆಯಿಂದ ಬೇಯಿಸಿದ ಆಹಾರ ತಂದು ತಿನ್ನುತ್ತಿದ್ದರು. ಅದರ ಮೇಲೆ ಕಣ್ಣಿಡಲು ಮುಹ್ತಸಿಬ್ ಎಂಬ ಪೇಟೆಯ ಅಧಿಕಾರಿಯಿದ್ದ. 12ನೇ ಶತಮಾನದ ಸಿರಿಯಾದಲ್ಲಿ ಶೈಜರಿ ಬರೆದ ಕೈಪಿಡಿ ಇಂದಿಗೂ ಓದಲು ರುಚಿಯಾಗಿದೆ. ಮೀನು ಕರಿಯುವವರು ದಿನವೂ ಬುಟ್ಟಿ, ತಟ್ಟೆಗಳನ್ನು ತೊಳೆಯಬೇಕು, ರಾತ್ರಿ ಅವಕ್ಕೆ ಉಪ್ಪು ಎರಚಿಡಬೇಕು. ಕುರಿ ಸುಡುವವನು ಒಲೆಗಿಳಿಸುವ ಮೊದಲು ತೂಕ ಬರೆಸಿ, ಹೊರತೆಗೆದ ಮೇಲೆ ಮತ್ತೆ ತೂಗಬೇಕು. ಮೂರರಲ್ಲೊಂದು ಪಾಲು ಇಳಿದಿದ್ದರೆ ಬೆಂದಿದೆ ಎಂದು ಅರ್ಥ, ಇಲ್ಲವಾದರೆ ಮತ್ತೆ ಒಲೆಗೆ. ಇಷ್ಟೊಂದು ತಕ್ಕಡಿಯ ನಡುವೆ ಅಂಗಡಿ ಯಾವ ದಿಕ್ಕಿಗೆ ಮುಖ ಮಾಡಿದೆ, ಗಾಳಿ ಎಷ್ಟು ತಂಪು ಎಂಬುದಕ್ಕೆ ತೂಕದ ಕಲ್ಲಿರಲಿಲ್ಲ.

ನದಿಯ ಮಾತು ಬಂದಾಗ ಇನ್ನೊಬ್ಬರನ್ನು ಕರೆಯಬೇಕು. ಅದೇ ಹಾರೂನನ ಮುಖ್ಯ ನ್ಯಾಯಾಧೀಶ, ಇಮಾಮ್ ಅಬೂ ಹನೀಫರ ಶಿಷ್ಯ ಕಾಝಿ ಅಬೂ ಯೂಸುಫ್ (ನಿಧನ 798). ಖಲೀಫನ ಕೋರಿಕೆಯಂತೆ ಅವರು ಭೂಕಂದಾಯದ ಬಗ್ಗೆ ಬರೆದ 'ಕಿತಾಬುಲ್ ಖರಾಜ್' ಒಣ ವಿಷಯದ ಪುಸ್ತಕವೆಂದು ತೋರಬಹುದು. ಅದರ ನಡುವೆ ಟೈಗ್ರಿಸ್ ಮತ್ತು ಯೂಫ್ರೆಟಿಸ್ ಬಗ್ಗೆ ಕೆಲವು ಪುಟಗಳಿವೆ. ಈ ಎರಡು ಮಹಾನದಿಗಳು ಎಲ್ಲರವು. ಕುಡಿಯುವವನನ್ನು, ಜಾನುವಾರಿಗೆ ನೀರುಣಿಸುವವನನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಅವರ ನಿಲುವು. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಪ್ರವಾದಿಯವರ ಬೋಧನೆ ನಮ್ಮ ಓದುಗರಿಗೆ ಗೊತ್ತಿರುವಂಥದ್ದೇ. ಆದರೆ ಅಬೂ ಯೂಸುಫ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ನೀರಿಳಿದಾಗ ನಗರದ ಎದುರು ಟೈಗ್ರಿಸ್ ನಡುವೆ ಮೇಲೇಳುವ ದ್ವೀಪಗಳ ವಿಷಯಕ್ಕೆ ಬರುತ್ತಾರೆ. ಅಂಥ ದ್ವೀಪದ ಮೇಲೆ ಯಾರೂ ಏನನ್ನೂ ಹೊಸದಾಗಿ ಮಾಡಕೂಡದು, ಕಟ್ಟಡವನ್ನೂ ಕಟ್ಟಕೂಡದು, ಬೆಳೆಯನ್ನೂ ಬೆಳೆಯಕೂಡದು. ಏಕೆಂದರೆ ಅದನ್ನು ಒಬ್ಬ ಭದ್ರಪಡಿಸಿಕೊಂಡರೆ ದಡದ ಮನೆಗಳವರಿಗೆ ತೊಂದರೆಯಾಗುತ್ತದೆ ಎನ್ನುತ್ತಾರೆ.

ಒಬ್ಬ ಚಕ್ರವರ್ತಿಯ ಕಾಝಿ ಮರಳ ದಿಬ್ಬದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡದ್ದೇಕೆ? ನದಿಯ ಎದುರಿನ ಜಾಗಕ್ಕೆ ಬೆಲೆ ಬಂದಿತ್ತು, ಅದಕ್ಕೇ. ಎರಡೂ ದಡಗಳಲ್ಲಿ ಅರಮನೆಗಳೆದ್ದಿದ್ದವು. ಹಾರೂನನ ಮಗ ಅಮೀನ್ ಸಿಂಹ, ಆನೆ, ಹದ್ದು, ಕುದುರೆ, ಹಾವಿನ ಆಕಾರದ ದೋಣಿಗಳನ್ನು ಮಾಡಿಸಿ ಟೈಗ್ರಿಸ್ ಮೇಲೆ ವಿಹಾರ ಹೋಗುತ್ತಿದ್ದ. ಕವಿ ಅಬೂ ನುವಾಸ್ ಆ ದೋಣಿಗಳನ್ನು ಹೊಗಳಿ ಪದ್ಯ ಕಟ್ಟಿದ. 813ರಲ್ಲಿ ಅಣ್ಣ ಮಾಮೂನನ ಸೈನ್ಯ ನಗರವನ್ನು ಸುತ್ತುವರಿದಾಗ ಶರಣಾಗಲೆಂದು ಅಮೀನ್ ಹತ್ತಿದ್ದೂ ಒಂದು ದೋಣಿಯನ್ನೇ. ಅದು ಮಗುಚಿತು, ಈಜಿ ದಡ ಸೇರಿದವನನ್ನು ಹಿಡಿದು ಕೊಂದರು.

ಅಬೂ ಯೂಸುಫರ ಆ ಮರಳ ದಿಬ್ಬಗಳನ್ನು ಮತ್ತೆ ನೋಡಬೇಕಾದರೆ ಹನ್ನೊಂದು ಶತಮಾನ ದಾಟಿ ಬರಬೇಕು. 20ನೇ ಶತಮಾನದ ಮೊದಲರ್ಧದಲ್ಲಿ ಬೇಸಿಗೆ ಬಂತೆಂದರೆ ಬಗ್ದಾದಿನ ಟೈಗ್ರಿಸ್ ಇಳಿಯುತ್ತಿತ್ತು, ನದಿಯ ನಡುವೆ ಮರಳು ಮೇಲೇಳುತ್ತಿತ್ತು. ಜನ ಅದನ್ನು ಜಝ್ರಾ ಎನ್ನುತ್ತಿದ್ದರು. ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ಎನ್ನದೆ ಕುಟುಂಬಗಳು ಅಲ್ಲಿಗೆ ಹೋಗಿ ಜೊಂಡು, ಚಾಪೆಗಳ ಗುಡಿಸಲು ಹಾಕಿಕೊಳ್ಳುತ್ತಿದ್ದವು. ಹೋಗಿಬರಲು ಗುಫ್ಫಾ ಇತ್ತು. ಅದು ನಮ್ಮ ತುಂಗಭದ್ರೆಯ ಹರಿಗೋಲಿನಂತೆಯೇ ದುಂಡಗೆ ಹೆಣೆದ ದೋಣಿ. ಹುಡುಗರು ಈಜುವುದು, ದೊಡ್ಡವರು ಹರಟುವುದು, ಸಂಜೆಯಾದರೆ ಮೀನು ಸುಡುವುದು. ಮೀನುಗಾರನಿಗೆ ಮೀನಿನ ದುಡ್ಡು ಕೊಟ್ಟರಾಯಿತು. ಗಾಳಿ, ಬೆಳದಿಂಗಳು, ನದಿಯ ಸದ್ದು ಪುಕ್ಕಟೆ. ಅಕ್ಟೋಬರಿನ ನಂತರ ಮಳೆ, ಆಮೇಲೆ ವಸಂತದಲ್ಲಿ ಟರ್ಕಿಯ ಬೆಟ್ಟಗಳ ಹಿಮ ಕರಗಿದ ನೀರು ಬಂದು ದ್ವೀಪವನ್ನೇ ಅಳಿಸಿಹಾಕುತ್ತಿತ್ತು. ಯಾರ ಗುಡಿಸಲೂ ಶಾಶ್ವತವಲ್ಲ, ಯಾರ ಹೆಸರಿಗೂ ಪಟ್ಟೆ ಇಲ್ಲ. ಕಾಝಿ ಅಬೂ ಯೂಸುಫರ ತೀರ್ಪನ್ನು ಪ್ರವಾಹವೇ ಜಾರಿಗೆ ತರುತ್ತಿತ್ತು ಎನ್ನಬಹುದು.

1954ರ ವಸಂತದಲ್ಲಿ ಬಂದ ಪ್ರವಾಹ ಬಗ್ದಾದನ್ನು ಮುಳುಗಿಸುವುದರಲ್ಲಿತ್ತು. ಎರಡು ವರ್ಷಗಳ ನಂತರ, 1956ರಲ್ಲಿ, ನಗರದ ಉತ್ತರಕ್ಕೆ ಸಾಮರ್ರಾ ಅಣೆಕಟ್ಟು ಮುಗಿಯಿತು. ಉಕ್ಕಿ ಬಂದ ನೀರನ್ನು ಥರ್ಥಾರ್ ಎಂಬ ವಿಶಾಲ ತಗ್ಗಿನ ಕಡೆ ತಿರುಗಿಸುವ ಏರ್ಪಾಡು ಅದು, ಎಣ್ಣೆಯ ಹಣದಲ್ಲಿ ಆದದ್ದು. ಇದರಿಂದ ಲಕ್ಷಾಂತರ ಜನರ ಮನೆಮಠ ಉಳಿಯಿತು. ಅದನ್ನು ಹಳಿಯುವವರು ಮೂರ್ಖರು. ಆದರೆ ಅದರ ಜೊತೆಗೇ ಇನ್ನೊಂದು ನಡೆಯಿತು. ಪ್ರತಿ ವರ್ಷ ನದಿ ಬಂದು ಅಳಿಸುತ್ತಿದ್ದ ದಡ ಈಗ ಸ್ಥಿರವಾಯಿತು. ಸ್ಥಿರವಾದ ನೆಲದಲ್ಲಿ ಗೋಡೆ ಏಳುತ್ತದೆ, ಗೋಡೆ ಎದ್ದಲ್ಲಿ ಬಾಡಿಗೆ ಹುಟ್ಟುತ್ತದೆ. ಪೂರ್ವ ದಡದ ಉದ್ದಕ್ಕೆ ಹೋಗುವ, ಅದೇ ಹಳೆಯ ಕವಿಯ ಹೆಸರು ಹೊತ್ತ ಅಬೂ ನುವಾಸ್ ರಸ್ತೆ ಮಸ್ಗೂಫಿನ ಬೀದಿಯಾಗಿ ಲೋಕಪ್ರಸಿದ್ಧವಾದದ್ದು ಮುಂದಿನ ಎರಡು ಮೂರು ದಶಕಗಳಲ್ಲಿ. ಸಾಲು ಸಾಲು ತೋಟದ ಹೋಟೆಲುಗಳು, ಸಾಲು ಸಾಲು ಬೆಂಕಿ. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಕೈಯಲ್ಲಿ ಕಾಸಿದ್ದ ಹೊಸ ಮಧ್ಯಮ ವರ್ಗ ವಾರಾಂತ್ಯಕ್ಕೆ ಕುಟುಂಬ ಸಮೇತ ಅಲ್ಲಿಗೆ ಬಂತು. ಮೇಷ್ಟ್ರು, ಗುಮಾಸ್ತರು, ಇಂಜಿನಿಯರರು. ಬೆಲೆ ಕಡಿಮೆಯಲ್ಲ, ಆದರೆ ತಿಂಗಳಿಗೊಮ್ಮೆ ಕೈಗೆಟಕುತ್ತಿತ್ತು.

ಆ ಮೇಜುಗಳಲ್ಲಿ ಕುಳಿತವರ ಎದುರಿಗೆ, ನದಿಯ ಆಚೆ ದಡದಲ್ಲಿ ಏನಿತ್ತು? ಗಣರಾಜ್ಯದ ಅರಮನೆ. ಸದ್ದಾಂ ಹುಸೇನನ ಕಾಲದಲ್ಲಿ ಆ ದಡ ಸಾಮಾನ್ಯರಿಗೆ ನಿಷಿದ್ಧ. ಒಂದು ದಡವನ್ನು ಬೆಲೆ ಆಯ್ದುಕೊಂಡರೆ ಇನ್ನೊಂದನ್ನು ಬಂದೂಕು ಆಯ್ದುಕೊಂಡಿತ್ತು. ಎರಡರಲ್ಲಿ ಬೆಲೆಯೇ ವಾಸಿ ಎಂದು ನಮಗನಿಸುತ್ತದೆ. ದುಡ್ಡು ಕೂಡಿಸಬಹುದು, ಬಂದೂಕಿನ ಜೊತೆ ಚೌಕಾಸಿ ಇಲ್ಲ.

1990ರ ಆಗಸ್ಟಿನಲ್ಲಿ ಕುವೈತಿನ ಆಕ್ರಮಣ, ಅದರ ಬೆನ್ನಿಗೆ ವಿಶ್ವಸಂಸ್ಥೆಯ ದಿಗ್ಬಂಧನ, 1991ರಲ್ಲಿ ಬಾಂಬುಗಳು. ಮೊದಲು ಒಂದು ದಿನಾರಿಗೆ ಸರಕಾರಿ ದರದಲ್ಲಿ ಮೂರು ಡಾಲರ್ ಬರುತ್ತಿತ್ತು. 1990ರ ದಶಕದ ನಡುವಿನ ಹೊತ್ತಿಗೆ ಪೇಟೆಯಲ್ಲಿ ಒಂದು ಡಾಲರಿಗೆ ಎರಡು ಸಾವಿರಕ್ಕೂ ಹೆಚ್ಚು ದಿನಾರ್ ಕೊಡಬೇಕಾಯಿತು. ಮೇಷ್ಟ್ರ ತಿಂಗಳ ಸಂಬಳ ಕೆಲವೇ ಡಾಲರುಗಳಿಗೆ ಇಳಿಯಿತು. ಮನೆಯ ಪುಸ್ತಕಗಳನ್ನು, ಬಾಗಿಲುಗಳನ್ನು ಮಾರಿ ಜನ ಅಕ್ಕಿ ತಂದರು. ಮಸ್ಗೂಫ್ ಮಾಡುವ ರೀತಿ ಬದಲಾಗಲಿಲ್ಲ, ಕಟ್ಟಿಗೆ ಅದೇ, ಒಂದು ಗಂಟೆಯ ಕಾಯುವಿಕೆ ಅದೇ. ಆದರೆ ಆ ಮೇಜುಗಳಿಂದ ಮೇಷ್ಟ್ರು ಎದ್ದು ಹೋದರು. ಕಾಳಸಂತೆಯಲ್ಲಿ ದುಡ್ಡು ಮಾಡಿದವರು ಬಂದು ಕುಳಿತರು. ಒಂದು ಊಟ ದುಬಾರಿಯೇ ಎಂದು ಕೇಳುವಾಗ ನಾವು ಸಾಮಾನ್ಯವಾಗಿ ತಟ್ಟೆಯನ್ನು ನೋಡುತ್ತೇವೆ. ತಿನ್ನುವವನ ಸಂಬಳವನ್ನೂ ನೋಡಬೇಕು ಎಂಬುದಕ್ಕೆ ಬಗ್ದಾದಿನ ಆ ಹದಿಮೂರು ವರ್ಷಗಳಿಗಿಂತ ಬೇರೆ ಸಾಕ್ಷಿ ಬೇಡ.

2003ರ ಏಪ್ರಿಲಿನಲ್ಲಿ ಅಮೆರಿಕದ ಸೈನ್ಯ ನಗರದೊಳಕ್ಕೆ ಬಂತು. ಆಚೆ ದಡದ ಅರಮನೆ ಹೊಸ ಒಡೆಯರ ಕಚೇರಿಯಾಯಿತು, ಸುತ್ತಲಿನ ಪ್ರದೇಶಕ್ಕೆ ಹಸಿರು ವಲಯ ಎಂಬ ಹೆಸರು ಬಂತು. ಈಚೆ ದಡದಲ್ಲಿ ಪತ್ರಕರ್ತರೂ ಗುತ್ತಿಗೆದಾರರೂ ತಂಗಿದ್ದ ದೊಡ್ಡ ಹೋಟೆಲುಗಳ ರಕ್ಷಣೆಗೆಂದು ಅಬೂ ನುವಾಸ್ ರಸ್ತೆಯನ್ನು ಕಾಂಕ್ರೀಟ್ ಗೋಡೆಗಳಿಂದ ಮುಚ್ಚಿದರು. ಬೆಂಕಿಗಳು ಒಂದೊಂದಾಗಿ ಆರಿದವು. 2006 ಮತ್ತು 2007ರ ಪಂಥೀಯ ಹತ್ಯೆಗಳ ದಿನಗಳಲ್ಲಿ ಟೈಗ್ರಿಸ್ ಹೆಣಗಳನ್ನು ಹೊತ್ತು ಹರಿಯಿತು. ಆ ನದಿಯ ಮೀನು ತಿನ್ನಲು ಜನರ ಮನಸ್ಸೇ ಒಪ್ಪಲಿಲ್ಲ. ಮೀನಿಗೆ ಬೆಲೆಯೇ ಇಲ್ಲವಾದ ಕಾಲ ಅದು. ಇದರ ಬಗ್ಗೆ ಹೆಚ್ಚು ಬರೆಯಲು ನಮಗೆ ಕೈ ಬರುವುದಿಲ್ಲ.

2007ರ ನವೆಂಬರಿನಲ್ಲಿ ರಸ್ತೆಯನ್ನು ಮತ್ತೆ ತೆರೆದರು. ಹಿಂಸೆ ಸ್ವಲ್ಪ ತಗ್ಗಿತ್ತು. ಉದ್ಯಾನದಲ್ಲಿ ಹುಲ್ಲು ಹಾಸಿ ಜೋಕಾಲಿ ಹಾಕಿದರು. ಮೀನಿನ ಹೋಟೆಲುಗಳು ಬೆಂಕಿ ಹೊತ್ತಿಸಿದವು, ಮಕ್ಕಳನ್ನು ಕರೆದುಕೊಂಡು ಹೆಂಗಸರು ಸಂಜೆ ದಡಕ್ಕೆ ಬಂದರು. ಗೋಡೆಗಳು ಎಲ್ಲಿಗೂ ಹೋಗಿರಲಿಲ್ಲ, ತಪಾಸಣೆಯೂ ಇತ್ತು. ಆದರೂ ಸುಟ್ಟ ಮೀನಿನ ಹೊಗೆ ಎದ್ದಿತು ಎಂಬುದೇ ಅಂದು ಸುದ್ದಿ. ಅಲ್ಲಿಯ ಹೋಟೆಲಿನವರನ್ನು ಬರೀ ದಡದ ಬಾಡಿಗೆ ವಸೂಲು ಮಾಡುವವರು ಎಂದು ಬಿಡಲು ನಮಗೆ ಮನಸ್ಸಾಗದಿರುವುದು ಈ ಒಂದು ಸಂಜೆಯ ಕಾರಣಕ್ಕೆ. ಯಾವ ಧೈರ್ಯದಲ್ಲಿ ಅವರು ಮೊದಲ ದಿನ ಕಟ್ಟಿಗೆ ತರಿಸಿದರೋ!

ಈಗ ನಮ್ಮ ಹುಡುಗನ ಗೋಡೆಯ ಚಿತ್ರಕ್ಕೆ ಮರಳೋಣ. ಬಗ್ದಾದಿನವರು ಹಿಂದೆ ಮಸ್ಗೂಫಿಗೆ ಮೆಚ್ಚುತ್ತಿದ್ದದ್ದು ಶಬ್ಬೂತ್, ಬುನ್ನಿ, ಖತ್ತಾನ್ ಎಂಬ ತಮ್ಮದೇ ನದಿಗಳ ಮೀನುಗಳನ್ನು. ಇಂದು ತಟ್ಟೆಗೆ ಬರುವುದು ಬಹುಪಾಲು ಸಾಮಾನ್ಯ ಗೆಂಡೆ, ಕಳೆದ ಶತಮಾನದ ನಡುವಿನಲ್ಲಿ ಹೊರಗಿನಿಂದ ತಂದ ತಳಿ. ಅದೂ ಎದುರಿನ ನದಿಯಲ್ಲಿ ಬೆಳೆದದ್ದಲ್ಲ, ಸಾಕಣೆಯ ಕೊಳಗಳಿಂದ, ಪಂಜರಗಳಿಂದ ಲಾರಿಯಲ್ಲಿ ಬಂದದ್ದು. 2018ರ ಶರತ್ಕಾಲದಲ್ಲಿ ಬಾಬಿಲ್ ಪ್ರಾಂತದ ಯೂಫ್ರೆಟಿಸ್ ಪಂಜರಗಳಲ್ಲಿ ಸಾವಿರಾರು ಟನ್ ಮೀನು ಸತ್ತು ಬೆಳ್ಳಗೆ ತೇಲಿತು. ಯಾರೋ ವಿಷ ಹಾಕಿದರೆಂದು ಗುಲ್ಲೆದ್ದಿತು. ಪರೀಕ್ಷೆಯಲ್ಲಿ ಗೆಂಡೆಗಳಿಗೆ ಬರುವ ಹರ್ಪಿಸ್ ವೈರಾಣು ಎಂದು ಗೊತ್ತಾಯಿತು. ಮೇಲೆ ಟರ್ಕಿಯಲ್ಲಿ ಇಲಿಸು ಅಣೆಕಟ್ಟಿಗೆ 2019ರಲ್ಲಿ ನೀರು ತುಂಬತೊಡಗಿತು, ಜೊತೆಗೆ ವರ್ಷಗಟ್ಟಲೆ ಬರ. 2023ರಲ್ಲಿ ಇರಾಕಿನ ಸರಕಾರ ಕುಡಿಯುವ ನೀರು ಉಳಿಸಲೆಂದು ಪರವಾನಗಿಯಿಲ್ಲದ ಮೀನಿನ ಕೊಳಗಳನ್ನು ಮುಚ್ಚಿಸಿದಾಗ ಮೀನಿನ ಬೆಲೆ ಏರಿತು. 2025ರಲ್ಲಿ ದೇಶದ ನೀರಿನ ಸಂಗ್ರಹ ಎಂಬತ್ತು ವರ್ಷಗಳಲ್ಲೇ ಕಡಿಮೆ ಎಂದು ಅಲ್ಲಿನ ಜಲ ಇಲಾಖೆಯೇ ಹೇಳಿತು. ಬಗ್ದಾದಿನ ನಡುವೆ ಟೈಗ್ರಿಸ್ ತೆಳುವಾಗಿದೆ, ಶುದ್ಧೀಕರಿಸದ ಕೊಳಚೆ ಅದಕ್ಕೆ ಸೇರುತ್ತದೆ.

ಹಾಗಾದರೆ ಟೈಗ್ರಿಸ್ ದಡದ ಮೇಜಿನಲ್ಲಿ ಕುಳಿತು ಲಾರಿಯಲ್ಲಿ ಬಂದ ಮೀನು ತಿನ್ನುವವನಿಗೂ ಕೊಲ್ಲಿಯಲ್ಲಿ ಗೋಡೆಯ ಚಿತ್ರದ ಎದುರು ತಿಂದ ನಮ್ಮ ಹುಡುಗನಿಗೂ ಏನು ವ್ಯತ್ಯಾಸ? ನೋಟ ಒಂದೇ. ನೋಟವನ್ನು ಮಾರುವ ವಿದ್ಯೆ ಬಗ್ದಾದಿನದೊಂದೇ ಅಲ್ಲ. ಪ್ಯಾರಿಸಿನ ಸೀನ್ ದಡದಲ್ಲಿ 'ತೂರ್ ದಾರ್ಜಾಂ' ಎಂಬ ಹೆಸರಾಂತ ಹೋಟೆಲಿದೆ. 1890ರಿಂದ ಅಲ್ಲಿ ಬಡಿಸುವ ಪ್ರತಿ ಬಾತುಕೋಳಿಗೂ ಒಂದು ಸಂಖ್ಯೆ ಕೊಡುತ್ತಾರೆ. 2003ರಲ್ಲಿ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. 1936ರಲ್ಲಿ ಮಾಲಿಕರು ಊಟದ ಕೋಣೆಯನ್ನು ಕಟ್ಟಡದ ತುದಿಗೆ ಏರಿಸಿದರು, ಸೀನ್ ನದಿ ಮತ್ತು ನೋತ್ರ್ ದಾಮ್ ಇಗರ್ಜಿ ಕಿಟಕಿಯೊಳಗೆ ಬರಲೆಂದು. ಇಗರ್ಜಿ ಕಟ್ಟಿದವರು ಇವರಲ್ಲ, ನದಿ ಹರಿಸಿದವರೂ ಅಲ್ಲ. ಆದರೆ ಪ್ಯಾರಿಸಿನಲ್ಲಿ ಒಂದು ಅನುಕೂಲವಿದೆ: ಕೆಳಗೆ ದಡದ ಮೇಲೆ ಒಬ್ಬ ವಿದ್ಯಾರ್ಥಿ ರೊಟ್ಟಿ ಹಿಡಿದು ಕುಳಿತು ಅದೇ ನದಿಯನ್ನು, ಅದೇ ಇಗರ್ಜಿಯನ್ನು ಪುಕ್ಕಟೆ ನೋಡಬಹುದು. ಹಾಗಿರುವಾಗ ಮೇಲೆ ಕುಳಿತವನು ಎಷ್ಟು ಕೊಟ್ಟರೆ ನಮಗೇನು? ಅದು ಅವನ ಜೇಬು, ಅವನ ಖುಷಿ.

ನಮ್ಮ ಅಭಿಪ್ರಾಯ ಇಷ್ಟೇ. ಮಸ್ಗೂಫಿನ ಬೆಲೆ ಹೆಚ್ಚೆಂದು ನಮಗೆ ಅನಿಸಿಲ್ಲ. ಜೀವಂತ ಮೀನು, ಗಿರಾಕಿಯ ಎದುರಿನ ತಕ್ಕಡಿ, ಹಣ್ಣಿನ ಮರದ ಕಟ್ಟಿಗೆ, ಒಬ್ಬ ಮನುಷ್ಯ ಒಂದು ಗಂಟೆ ಬೆಂಕಿಯ ಮುಂದೆ ಬೆವರುವುದು. ಮುಹ್ತಸಿಬ್ ಬಂದರೂ ಇದರಲ್ಲಿ ತಪ್ಪು ಹುಡುಕಲಾರ. ಮನೆಯಲ್ಲಿ ಬೂತಾಯಿ ಸಾರು ಕುದಿಸುವ ಹೊತ್ತಿನ ಜೊತೆ ಅದನ್ನು ಹೋಲಿಸುವುದು ಸರಿಯಲ್ಲ ಎಂದು ನಮ್ಮ ಹುಡುಗನಿಗೂ ಹೇಳಿದೆವು. ನದಿಯ ಹೆಸರಿನಲ್ಲಿ ಸೇರಿಸುವ ಹಣದ ವಿಷಯ ಬೇರೆ. ಪಕ್ಕದಲ್ಲೇ ಹುಲ್ಲಿನ ಮೇಲೆ ಚಾಪೆ ಹಾಸಿ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಕೂರಲು ಬಡ ಕುಟುಂಬಕ್ಕೆ ಜಾಗವಿದೆ ಎಂದಾದರೆ ಆ ಹಣ ಕುರ್ಚಿಯ ಬಾಡಿಗೆ, ಕೊಡಬಹುದು. ಜಾಗವಿಲ್ಲ, ದಡದ ಉದ್ದಕ್ಕೂ ಬೇಲಿ ಎಂದಾದರೆ ಅದು ಊಟದ ಬೆಲೆಯಲ್ಲ, ಇತರರನ್ನು ಹೊರಗಿಟ್ಟದ್ದರ ಕೂಲಿ. ಅದನ್ನು ಎಷ್ಟು ಇಳಿಸಿದರೂ ದುಬಾರಿಯೇ. ಅಬೂ ನುವಾಸ್ ರಸ್ತೆಯ ಉದ್ಯಾನದಲ್ಲಿ ಶುಕ್ರವಾರ ಸಂಜೆ ಚಾಪೆ ಹಾಸುವವರು ಇರುವ ತನಕ ಪಕ್ಕದ ಹೋಟೆಲಿನ ಬಿಲ್ಲಿನ ಬಗ್ಗೆ ನಾವು ಜಗಳಕ್ಕೆ ಹೋಗುವುದಿಲ್ಲ.

ಇನ್ನು ಆ ಬಟ್ಟಲು. ಮೀನಿನ ನಾಲಗೆಗಳಿಗೆ ಸಾವಿರ ದಿರ್ಹಂ ದಾನ ಮಾಡಿಸಿದ ಮೇಲೆ ಹಾರೂನ್ ಬಟ್ಟಲನ್ನು ಎತ್ತಿ ಒಬ್ಬ ಸೇವಕನ ಕೈಗಿತ್ತು, ಹೊರಗೆ ಹೋಗಿ ಮೊದಲು ಕಂಡ ಭಿಕ್ಷುಕನಿಗೆ ಇದನ್ನು ಕೊಡು ಎಂದ. ಇಬ್ರಾಹೀಮನ ಮುಖ ಬಿಳುಪೇರಿರಬೇಕು. ಅಣ್ಣ ಬರುತ್ತಾನೆಂದು 270 ಚಿನ್ನದ ದಿನಾರ್ ಕೊಟ್ಟು ಕೊಂಡಿದ್ದ ಬಟ್ಟಲು ಅದು. ಹಿಂದೆಯೇ ಹೋಗಿ ಭಿಕ್ಷುಕನಿಂದ ಅದನ್ನು ಕೊಂಡು ತಾ ಎಂದು ತನ್ನ ಆಳಿಗೆ ಕಣ್ಸನ್ನೆ ಮಾಡಿದ. ಹಾರೂನನಿಗೆ ಅದು ಕಂಡಿತು. ಸೇವಕನನ್ನು ತಡೆದು, ಬಟ್ಟಲು ಕೊಡುವಾಗ ಭಿಕ್ಷುಕನಿಗೆ ಒಂದು ಮಾತು ಹೇಳು, ಇನ್ನೂರು ದಿನಾರಿಗೆ ಕಡಿಮೆ ಮಾರಬಾರದು, ಅದರ ಬೆಲೆ ಅದಕ್ಕಿಂತ ಹೆಚ್ಚು ಎಂದ. ಇಬ್ರಾಹೀಮನ ಆಳು ಎಷ್ಟು ಚೌಕಾಸಿ ಮಾಡಿದರೂ ಭಿಕ್ಷುಕ ಜಗ್ಗಲಿಲ್ಲ. ಇನ್ನೂರು ದಿನಾರ್ ಎಣಿಸಿಕೊಂಡ ಮೇಲೆಯೇ ಬಟ್ಟಲು ಬಿಟ್ಟುಕೊಟ್ಟ.